ಶಾಂಜೆಲಿಜೆಯ ಪರೇಡ್, ಪ್ಯಾರಿಸ್ಸಿನ ಬ್ಯಾರಿಕೇಡ್

ಮೊದಲೇ ಹೇಳಿಬಿಡ್ತೀನಿ, ಪರೇಡ್ ಚೆನ್ನಾಗಿತ್ತು. ಅಷ್ಟು ಹೊತ್ತು ಕಾಲ ಮೇಲೆ ನಿಂತಿದ್ದಕ್ಕೆ ಮೋಸ ಆಗಲಿಲ್ಲ. ಸಿನಿಮಾ ಆಗಿದ್ದರೆ ಐದಕ್ಕೆ ಮೂರೂವರೆ ಸ್ಟಾರ್ ಕೊಡ್ತಿದ್ದೆ. ಪರೇಡಿಗೆ ಯಾರಾದರೂ ಸ್ಟಾರ್ ಕೊಡ್ತಾರೇನ್ರಿ ಅಂತ ನೀವು ಕೇಳಬಹುದು. ಯಾಕೆ ಕೊಡಬಾರದು? ಅದಕ್ಕೂ ಸ್ಕ್ರಿಪ್ಟ್ ಇದೆ, ನಿರ್ದೇಶಕರಿದ್ದಾರೆ, ತಿಂಗಳುಗಟ್ಟಲೆ ರಿಹರ್ಸಲ್ ಇದೆ, ಉಡುಪು, ಹಿನ್ನೆಲೆ ಸಂಗೀತ, ವಿಐಪಿ ಪಾಸು ಎಲ್ಲಾ ಇದೆ. ವಿದ್ಯಾರ್ಥಿ ಭವನದ ದೋಸೆಯಿಂದ ಹಿಡಿದು ನೆಟ್‌ಫ್ಲಿಕ್ಸ್ ಸರಣಿಯವರೆಗೆ ಎಲ್ಲದಕ್ಕೂ ರಿವ್ಯೂ ಬರೆಯೋ ನಾವು, ಪರೇಡ್ ಬಂದಾಗ ಮಾತ್ರ ಎದ್ದು ನಿಂತು ಸೆಲ್ಯೂಟ್ ಹೊಡೆದು ಸುಮ್ಮನಾಗ್ತೀವಿ. ಸೆಲ್ಯೂಟ್ ಸೈನಿಕರಿಗೆ ಸಲ್ಲಲಿ. ನನ್ನ ತಕರಾರು ಸ್ಕ್ರಿಪ್ಟ್ ಬರೆದವರ ಜತೆ.

ನಾನು ನೋಡಿದ್ದು 2023ರ ಜುಲೈ 14ರದ್ದು, ಪ್ಯಾರಿಸ್ಸಿನಲ್ಲಿ. ಕ್ಲೈಂಟ್ ಆಫೀಸಿಗೆ ಅಂತ ಎರಡು ವಾರಕ್ಕೆ ಹೋಗಿದ್ದೆ. ಆಫೀಸು ಲಾ ದೆಫಾನ್ಸ್ ಅನ್ನೋ ಕಡೆ. ಪ್ಯಾರಿಸ್ಸಿನ ಐಟಿ-ಬ್ಯಾಂಕು-ಇನ್ಶೂರೆನ್ಸ್ ಕಂಪನಿಗಳ ಗಾಜಿನ ಕಟ್ಟಡಗಳೆಲ್ಲ ಅಲ್ಲೇ, ನಮ್ಮ ಹೊರವರ್ತುಲ ರಸ್ತೆಯ ಹಾಗೆ, ಧೂಳು ಕಮ್ಮಿ ಅಷ್ಟೇ. ಶುಕ್ರವಾರ ರಾಷ್ಟ್ರೀಯ ಹಬ್ಬ, ರಜೆ. ಆ ವರ್ಷ ನಮ್ಮ ಪ್ರಧಾನಿಯೇ ಮುಖ್ಯ ಅತಿಥಿ, ನಮ್ಮ ಮೂರೂ ಪಡೆಗಳ 269 ಜನ ಅಲ್ಲಿ ಹೆಜ್ಜೆ ಹಾಕುವವರಿದ್ದರು. ಟೀಮಿನ ಫ್ರೆಂಚ್ ಹುಡುಗರನ್ನ ಬರ್ತೀರಾ ಅಂತ ಕೇಳಿದೆ. ಒಬ್ಬರೂ ಬರಲಿಲ್ಲ. ಒಬ್ಬಳು, ಪರೇಡಿಗೆ ಬೇಡ, ರಾತ್ರಿ ಡ್ಯಾನ್ಸಿಗೆ ಬಾ ಅಂದಳು. ಆ ವಿಷಯಕ್ಕೆ ಆಮೇಲೆ ಬರ್ತೀನಿ.

ಶಾಂಜೆಲಿಜೆ ಸುಮಾರು ಎರಡು ಕಿಲೋಮೀಟರ್ ಉದ್ದದ ನೇರ ರಸ್ತೆ. ಮೇಲ್ಗಡೆ ವಿಜಯದ ಕಮಾನು, ಕೆಳಗಡೆ ಕಾನ್‌ಕಾರ್ಡ್ ಚೌಕ. ಅಧ್ಯಕ್ಷರ ವೇದಿಕೆ ಇರೋದು ಆ ಚೌಕದಲ್ಲಿ. 1793ರಲ್ಲಿ ಹದಿನಾರನೇ ಲೂಯಿಯ ತಲೆ ಕತ್ತರಿಸಿದ್ದೂ ಅದೇ ಚೌಕದಲ್ಲಿ. ಮೊದಲು ಆಕಾಶದಲ್ಲಿ ಆಲ್ಫಾ ಜೆಟ್‌ಗಳು ನೀಲಿ, ಬಿಳಿ, ಕೆಂಪು ಹೊಗೆ ಬಿಟ್ಟುಕೊಂಡು ಹೋದವು. 2018ರಲ್ಲಿ ಒಂದು ವಿಮಾನ ನೀಲಿ ಬಿಡೋ ಜಾಗದಲ್ಲಿ ಕೆಂಪು ಹೊಗೆ ಬಿಟ್ಟಿತ್ತು, ಅದೇ ದಿನ ಇಬ್ಬರು ಬೈಕ್ ಪೊಲೀಸರು ವೇದಿಕೆ ಎದುರೇ ಡಿಕ್ಕಿ ಹೊಡೆದುಕೊಂಡು ಬಿದ್ದಿದ್ದರು. ಅಷ್ಟು ಟೆಸ್ಟಿಂಗ್ ಮಾಡಿದಮೇಲೂ ಲೈವ್‌ನಲ್ಲಿ ಬಗ್ ಬರುತ್ತೆ ಅನ್ನೋದು ನಮ್ಮಂಥವರಿಗೆ ಸಮಾಧಾನದ ವಿಷಯ.

ಫ್ರೆಂಚರ ಪರೇಡ್ ಬಿಗಿಯಾಗಿದೆ. ಒಂದೂವರೆ ತಾಸಿನಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ, ಟ್ಯಾಂಕು, ಟ್ರಕ್ಕು, ಕೊನೆಗೆ ಕುದುರೆ ಪಡೆ, ಎಲ್ಲಾ ಮುಗಿದುಹೋಗುತ್ತೆ. ಎಲ್ಲೂ ಗ್ಯಾಪ್ ಇಲ್ಲ. ಸಂಗೀತದಲ್ಲಿ ಕೆಲವೊಮ್ಮೆ ತಮಾಷೆಯೂ ಇರುತ್ತದೆ: 2017ರಲ್ಲಿ ಟ್ರಂಪ್ ಅತಿಥಿಯಾಗಿ ಕೂತಿದ್ದಾಗ ಮಿಲಿಟರಿ ಬ್ಯಾಂಡು ಡಾಫ್ಟ್ ಪಂಕ್ ಹಾಡುಗಳನ್ನ ನುಡಿಸಿತ್ತು. ಆದರೆ ನನಗೆ ಬಾಯಿಬಿಟ್ಟು ನೋಡುವಂತಾಗಿದ್ದು ಎಕೋಲ್ ಪಾಲಿಟೆಕ್ನಿಕ್ ಹುಡುಗರು ಬಂದಾಗ. ಅದು ಅಲ್ಲಿನ ಹೆಸರಾಂತ ಎಂಜಿನಿಯರಿಂಗ್ ಕಾಲೇಜು, ಶುರುವಾಗಿದ್ದು 1794ರಲ್ಲಿ. ನೆಪೋಲಿಯನ್ ಅದನ್ನ ಮಿಲಿಟರಿ ಶಾಲೆ ಮಾಡಿದ, ಇವತ್ತಿಗೂ ಅದು ರಕ್ಷಣಾ ಇಲಾಖೆಯ ಕೆಳಗೇ ಇದೆ. ಗಣಿತ ಓದೋ ಹುಡುಗ ಹುಡುಗಿಯರು ಎರಡು ಮೂಲೆಯ ಕರಿ ಟೋಪಿ ಹಾಕಿ, ಕೈಯಲ್ಲಿ ಕತ್ತಿ ಹಿಡಿದು ಬರ್ತಾರೆ! ನಮ್ಮ ಬಿಇ ಕಾಲೇಜಿನಲ್ಲಿ ಆಗಸ್ಟ್ 15ಕ್ಕೆ ಧ್ವಜ ಹಾರಿಸೋಕೆ ಬಂದರೆ ಅಟೆಂಡೆನ್ಸ್ ಕೊಡ್ತೀವಿ ಅಂತ ಆಸೆ ತೋರಿಸಬೇಕಿತ್ತು, ಆದರೂ ಬರ್ತಿದ್ದಿದ್ದು ಹಾಸ್ಟೆಲ್‌ನವರು ಮಾತ್ರ, ಅದೂ ಲಡ್ಡುಗೋಸ್ಕರ.

ನಮ್ಮವರು ಬಂದರು. ರಜಪುತಾನಾ ರೈಫಲ್ಸ್ ಬ್ಯಾಂಡು, ಪಂಜಾಬ್ ರೆಜಿಮೆಂಟು, ಹಿಂದೆ ನೌಕಾಪಡೆ, ವಾಯುಪಡೆ. ‘ಸಾರೇ ಜಹಾಂ ಸೇ ಅಚ್ಛಾ’ ಟ್ಯೂನು ಕೇಳಿ ಮೈ ಜುಂ ಅಂದಿದ್ದು ನಿಜ. ಪಕ್ಕದಲ್ಲಿದ್ದ ಗುಜರಾತಿ ಕುಟುಂಬ ಅಳ್ತಾ ಇತ್ತು. ಪರದೇಶದಲ್ಲಿ ನಿಂತಾಗ ಬಾವುಟ ಸ್ವಲ್ಪ ದೊಡ್ಡದಾಗಿ ಕಾಣುತ್ತೆ. ಇದು ಮೊದಲ ಸಲವೂ ಅಲ್ಲ. 1916ರ ಜುಲೈ 14ಕ್ಕೆ, ಮಹಾಯುದ್ಧದ ನಡುವೆಯೇ, ಭಾರತದ ಸೈನಿಕರು ಪ್ಯಾರಿಸ್ಸಿನ ಬೀದಿಯಲ್ಲಿ ನಡೆದಿದ್ದರು, ಬ್ರಿಟಿಷರ ಸಿಪಾಯಿಗಳಾಗಿ. ಒಬ್ಬ ಫ್ರೆಂಚ್ ಹೆಣ್ಣುಮಗಳು ಸಿಖ್ ಸೈನಿಕನ ಎದೆಗೆ ಹೂ ಸಿಕ್ಕಿಸೋ ಫೋಟೋ ನೀವೂ ನೋಡಿರ್ತೀರಿ. 2009ರಲ್ಲಿ ಮನಮೋಹನ್ ಸಿಂಗ್ ಅತಿಥಿಯಾಗಿದ್ದಾಗ ಹೋದವರಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿ ಇತ್ತು. ಅದರ ರೆಜಿಮೆಂಟಲ್ ಸೆಂಟರ್ ಇರೋದು ಬೆಳಗಾವಿಯಲ್ಲಿ, ನಮ್ಮ ಜಿಲ್ಲೆ. ಬೈಲಹೊಂಗಲ ಕಡೆಯ ನಮ್ಮಂಥ ಹಳ್ಳಿಗಳಲ್ಲಿ ಹತ್ತನೇತ್ತ ಪಾಸಾದ ಹುಡುಗ ಬೆಳಗ್ಗೆ ರಸ್ತೆ ಮೇಲೆ ಓಡ್ತಾ ಇದ್ದರೆ, ಭರ್ತಿಗೆ ತಯಾರಿ ನಡೆಸಿದಾನ ಅಂತಲೇ ಅರ್ಥ.

ಇಷ್ಟೆಲ್ಲಾ ಹೆಮ್ಮೆಪಟ್ಟಮೇಲೂ ಒಂದು ಮಾತು. ಪರೇಡಿನ ಹಿಂದಿನ ದಿನವೇ, ಜುಲೈ 13ಕ್ಕೆ, ದಿಲ್ಲಿಯಲ್ಲಿ ನೌಕಾಪಡೆಗೆ 26 ರಫೇಲ್ ಕೊಳ್ಳುವ ಪ್ರಸ್ತಾವಕ್ಕೆ ರಕ್ಷಣಾ ಖರೀದಿ ಮಂಡಳಿ ಒಪ್ಪಿಗೆ ಕೊಟ್ಟಿತ್ತು. ಮರುದಿನ ನಮ್ಮ ವಾಯುಪಡೆಯ ರಫೇಲ್‌ಗಳು ಪ್ಯಾರಿಸ್ಸಿನ ಮೇಲೆ ಹಾರಿದವು. ನಾವು ದುಡ್ಡು ಕೊಟ್ಟು ತಗೊಂಡ ವಿಮಾನವನ್ನೇ ಮಾಡಿದವರ ಮನೆ ಮೇಲೆ ಹಾರಿಸಿ ತೋರಿಸೋದು. ನಮ್ಮ ಭಾಷೆಯಲ್ಲಿ ಇದಕ್ಕೆ ಕಸ್ಟಮರ್ ಟೆಸ್ಟಿಮೋನಿಯಲ್ ಅಂತಾರೆ.

ಅವತ್ತು ಸಂಜೆ ಊರಿಗೆ ಫೋನ್ ಮಾಡಿದೆ. ನಮ್ಮ ಕಾಕಾ ಫೌಜಿನಲ್ಲಿದ್ದು ರಿಟೈರ್ ಆದವರು, ಒಂದು ವರ್ಷ ದಿಲ್ಲಿ ಗಣರಾಜ್ಯೋತ್ಸವದ ಪರೇಡಿಗೂ ಹೋಗಿಬಂದವರು. ಟಿವಿಯಲ್ಲಿ ಪ್ಯಾರಿಸ್ ಪರೇಡು ಪೂರ್ತಿ ನೋಡಿದ್ದರು. ನಾನು ಅಲ್ಲೇ ನಿಂತು ಕಂಡಿದ್ದಕ್ಕಿಂತ ಅವರು ಕಂಡಿದ್ದೇ ಹೆಚ್ಚು. ರಸ್ತೆ ಬದಿ ನಿಂತವನಿಗೆ ಕಾಣೋದು ಮುಂದಿನವರ ಸೆಲ್ಫಿ ಸ್ಟಿಕ್ಕು, ಅದರ ಸಂದಿಯಲ್ಲಿ ಟೋಪಿಗಳ ಸಾಲು. ಇಡೀ ಪ್ರದರ್ಶನ ರಚನೆಯಾಗಿರೋದು ಕಾನ್‌ಕಾರ್ಡಿನ ಆ ಒಂದು ಕುರ್ಚಿಯಿಂದ, ಇಲ್ಲಾ ಕ್ಯಾಮೆರಾದಿಂದ ನೋಡೋದಕ್ಕೆ. ನಾವು ಬದಿಯಲ್ಲಿ ನಿಂತವರು ಪ್ರೇಕ್ಷಕರಲ್ಲ, ಸೆಟ್ಟು.

‘ಹೆಂಗಿತ್ತ ಕಾಕಾ?’ ಅಂದೆ.

‘ನೋಡಾಕ ಚಂದ ಇತ್ತಪಾ. ನಿಂತಾವರಿಗೆ ಗೊತ್ತು. ದಿಲ್ಲ್ಯಾಗ ಜನವರಿ ಥಂಡ್ಯಾಗ ನಸುಕಿನ್ಯಾಗ ಎಬ್ಬಸ್ತಿದ್ರು. ಬೆರಳು ಅದಾವೋ ಇಲ್ಲೋ ಅಂತ ಮುಟ್ಟಿ ನೋಡ್ಕೋತಿದ್ವಿ. ಆ ಗಡ್ಡದವ್ರು ಬಂದ್ರಲ್ಲ, ಸಾವಕಾಶ, ಅವ್ರು ಖರೇ ಸಿಪಾಯಿಗೋಳ ಕಂಡ್ರು ನೋಡು.’

ಕಾಕಾ ಹೇಳಿದ್ದು ವಿದೇಶೀ ದಳದ ಬಗ್ಗೆ, ಫಾರಿನ್ ಲೀಜನ್. ಕಾಲ್ನಡಿಗೆಯಲ್ಲಿ ಬರೋರಲ್ಲಿ ಕಟ್ಟಕಡೆಗೆ ಬರೋದು ಅವರೇ. ಉಳಿದವರ ನಡಿಗೆ ನಿಮಿಷಕ್ಕೆ 120 ಹೆಜ್ಜೆ, ಇವರದು 88. ಮುಂದೆ ಉದ್ದ ಗಡ್ಡ ಬಿಟ್ಟ ಗಟ್ಟಿಗರು, ಮೈಮೇಲೆ ಚರ್ಮದ ಏಪ್ರನ್ನು, ಹೆಗಲ ಮೇಲೆ ಕೊಡಲಿ. ಅಧ್ಯಕ್ಷರ ವೇದಿಕೆ ಹತ್ತಿರ ಬಂದಾಗ ಉಳಿದ ಪಡೆಗಳೆಲ್ಲ ಎಡ-ಬಲ ಸೀಳಿಕೊಂಡು ಹೋಗ್ತವೆ, ಇವರು ಸೀಳೋದಿಲ್ಲ. ಜನರ ಚಪ್ಪಾಳೆ ಎಲ್ಲಕ್ಕಿಂತ ಜೋರಾಗಿ ಬಿದ್ದಿದ್ದೂ ಇವರಿಗೇ. ನನ್ನನ್ನು ಕಾಡಿದ್ದೂ ಇವರೇ. ಬಹುಪಾಲು ಪರದೇಶದವರು, ತಮ್ಮದಲ್ಲದ ಬಾವುಟಕ್ಕೆ ದುಡಿಯೋರು. ಮೂರು ವರ್ಷ ಸೇವೆಯ ನಂತರ ಪೌರತ್ವಕ್ಕೆ ಅರ್ಜಿ ಹಾಕಬಹುದು. ಫ್ರಾನ್ಸಿಗಾಗಿ ಹೋರಾಡುತ್ತಾ ಗಾಯಗೊಂಡರೆ ‘ಚೆಲ್ಲಿದ ರಕ್ತದಿಂದ ಫ್ರೆಂಚ್’ ಅಂತಲೇ ಬೇರೆ ಕಾನೂನು ಇದೆ. ಜೇಬಲ್ಲಿ ಷೆಂಗೆನ್ ವೀಸಾದ ಎಕ್ಸ್‌ಪೈರಿ ತಾರೀಖು ಇಟ್ಟುಕೊಂಡು ನಿಂತಿದ್ದ ನಾನು ಅವರನ್ನ ಬೇರೆ ಥರ ನೋಡಿದೆ. ನಮಗೆ ಮೆತ್ತಗಿನ ಕುರ್ಚಿ, ಕಾಫಿ ಮಷೀನು ಇದೆ, ಅವರಿಗೆ ಕೊಡಲಿ. ಪರರ ದೇಶದಲ್ಲಿ ಜಾಗ ಸಂಪಾದಿಸೋ ಲೆಕ್ಕ ಮಾತ್ರ ಎರಡೂ ಕಡೆ ಇದೆ. ಇಡೀ ಪರೇಡಿನಲ್ಲಿ ನಿಜವಾದ ಕಥೆ ಇದ್ದ ದೃಶ್ಯ ಇದೊಂದೇ ಅನ್ನಿಸ್ತು.

ಈಗ ಸ್ಕ್ರಿಪ್ಟಿನ ವಿಷಯ. ಜುಲೈ 14 ಅಂದರೆ ಏನು? 1789ರ ಆ ದಿನ ಪ್ಯಾರಿಸ್ಸಿನ ಜನ ಬ್ಯಾಸ್ಟೀಲ್ ಕೋಟೆಗೆ ನುಗ್ಗಿದರು. ಒಳಗಿದ್ದ ಕೈದಿಗಳು ಏಳೇ ಜನ, ಆದರೆ ಅವರಿಗೆ ಬೇಕಾಗಿದ್ದು ಮದ್ದಿನ ಪುಡಿ. ನಗರದ ಸುತ್ತ ರಾಜನ ಪಡೆಗಳು ಬಂದು ಸೇರಿದ್ದವು. ಜನ ಗೆದ್ದಿದ್ದು ಯಾಕೆ? ಫ್ರೆಂಚ್ ಗಾರ್ಡ್ಸ್ ಅನ್ನೋ ರಾಜನ ಸೈನಿಕರಲ್ಲೇ ಹಲವರು ಈ ಕಡೆ ಬಂದರು, ಫಿರಂಗಿ ಎಳೆದುತಂದು ಕೋಟೆ ಕಡೆ ತಿರುಗಿಸಿದರು. ಅಂದರೆ ಮೂಲ ಕಥೆ, ಸೈನ್ಯಕ್ಕೆ ಎದುರಾಗಿ ನಿಂತ ಜನ, ಮತ್ತು ಸಾಲು ಬಿಟ್ಟು ಜನರ ಕಡೆ ಬಂದ ಸೈನಿಕರು.

ಇದು ಮಿಲಿಟರಿ ಪರೇಡ್ ಆಗಿದ್ದು ಹೇಗೆ? 1870ರಲ್ಲಿ ಫ್ರಾನ್ಸ್ ಪ್ರಷ್ಯದ ಕೈಲಿ ಹೀನಾಯವಾಗಿ ಸೋತಿತು. ಹತ್ತು ವರ್ಷದ ನಂತರ, 1880ರ ಜುಲೈಯಲ್ಲಿ, ಸಂಸತ್ತು ಜುಲೈ 14ನ್ನು ರಾಷ್ಟ್ರೀಯ ಹಬ್ಬ ಅಂತ ಕಾನೂನು ಮಾಡಿತು. ಆ ಕಾನೂನಿನಲ್ಲಿ ಯಾವ ಇಸವಿಯ ಜುಲೈ 14 ಅಂತ ಬರೆದಿಲ್ಲ! 1789ರ ರಕ್ತ ನೆನೆದು ಮುಜುಗರ ಪಡೋರು 1790ರ ಶಾಂತವಾದ ಒಕ್ಕೂಟದ ಹಬ್ಬ ಅಂದುಕೊಳ್ಳಲಿ, ಉಳಿದವರು ಬ್ಯಾಸ್ಟೀಲ್ ಅಂದುಕೊಳ್ಳಲಿ ಅಂತ. ರಿಕ್ವೈರ್‌ಮೆಂಟ್ ಡಾಕ್ಯುಮೆಂಟನ್ನು ಬೇಕಂತಲೇ ಮಸುಕಾಗಿ ಬರೆದು ಎರಡೂ ಕಡೆ ಸೈನ್-ಆಫ್ ತಗೊಳ್ಳೋ ಮ್ಯಾನೇಜರುಗಳು ಆಗಲೂ ಇದ್ದರು. ಆ ವರ್ಷ ಲಾಂಗ್‌ಶಾಂ ಕುದುರೆ ರೇಸಿನ ಮೈದಾನದಲ್ಲಿ ಅಧ್ಯಕ್ಷ ಗ್ರೇವಿ ರೆಜಿಮೆಂಟುಗಳಿಗೆ ಹೊಸ ಬಾವುಟ ಹಂಚಿದ. ಸೋತ ಸೈನ್ಯ ಮತ್ತೆ ಎದ್ದು ನಿಂತಿದೆ ನೋಡಿ ಅಂತ ಲೋಕಕ್ಕೆ ತೋರಿಸಬೇಕಿತ್ತು. ಅಂದಹಾಗೆ ನಾನು ಕೆಲಸಕ್ಕೆ ಹೋಗ್ತಿದ್ದ ಲಾ ದೆಫಾನ್ಸಿಗೆ ಆ ಹೆಸರು ಬಂದಿದ್ದೂ ಅದೇ ಯುದ್ಧದಿಂದ, ಪ್ಯಾರಿಸ್ಸಿನ ರಕ್ಷಣೆಯ ನೆನಪಿಗೆ ನಿಲ್ಲಿಸಿದ ಒಂದು ಪ್ರತಿಮೆಯಿಂದ.

ನನಗೆ ಹಿಡಿಸದೇ ಇದ್ದಿದ್ದು ಇಲ್ಲೇ. ಬ್ಯಾರಿಕೇಡ್ ಅನ್ನೋ ಪದ ತಗೊಳ್ಳಿ. ನಮಗೆ ಬ್ಯಾರಿಕೇಡ್ ಅಂದರೆ ಪೊಲೀಸರು ತಂದಿಡೋ ಹಳದಿ ಕಬ್ಬಿಣದ ಗೇಟು. ಅದು ಫ್ರೆಂಚ್ ಪದ, ಪೀಪಾಯಿ ಅನ್ನೋ ಮಾತಿನಿಂದ ಬಂದಿದ್ದು. ಪ್ಯಾರಿಸ್ಸಿನ ಜನ ಪೀಪಾಯಿ, ಕಲ್ಲು, ಗಾಡಿ, ಮನೆಯ ಮಂಚ ಎಲ್ಲಾ ಒಟ್ಟಿ ಬೀದಿಗೆ ಅಡ್ಡ ಹಾಕ್ತಿದ್ದರು, ಸೈನ್ಯ ಒಳಗೆ ಬರದಿರಲಿ ಅಂತ. 1830ರಲ್ಲಿ, 1848ರಲ್ಲಿ, 1871ರಲ್ಲಿ. ಅವತ್ತು ಬೆಳಗ್ಗೆ ನಾನು ನಿಂತಿದ್ದು ಬ್ಯಾರಿಕೇಡಿನ ಹಿಂದೇನೇ. ಆದರೆ ದಿಕ್ಕು ಬದಲಾಗಿತ್ತು. ಇದು ಜನ ಒಳಗೆ ಬರದಿರಲಿ ಅಂತ ಇಟ್ಟಿದ್ದು. ಭದ್ರತೆ ಬೇಕು, ಒಪ್ತೀನಿ. 2002ರ ಪರೇಡಿನಲ್ಲಿ ಒಬ್ಬ ಗಿಟಾರ್ ಕೇಸಿನಲ್ಲಿ ಬಂದೂಕು ತಂದು ಅಧ್ಯಕ್ಷ ಶಿರಾಕ್ ಮೇಲೆ ಗುಂಡು ಹಾರಿಸಿದ್ದ. 2016ರ ಜುಲೈ 14ರ ರಾತ್ರಿ ನೀಸ್ ನಗರದಲ್ಲಿ ಟ್ರಕ್ ಹರಿದು 86 ಜನ ಸತ್ತರು. ಗೇಟು ಇಡಲಿ. ಆದರೆ ಕಥೆಯ ನಾಯಕನನ್ನೇ ಗೇಟಿನ ಹಿಂದೆ ನಿಲ್ಲಿಸಿ ಕಥೆ ಹೇಳಿದರೆ ಅದು ಬೇರೆಯದೇ ಕಥೆ ಆಗುತ್ತೆ.

2023ರಲ್ಲಿ ಇದು ಇನ್ನೂ ಚುಚ್ಚುತ್ತಿತ್ತು. ಪರೇಡಿಗೆ ಎರಡೂವರೆ ವಾರ ಮೊದಲು, ಜೂನ್ 27ಕ್ಕೆ, ನಾಂತೇರ್ ಅನ್ನೋ ಕಡೆ 17 ವರ್ಷದ ಹುಡುಗನೊಬ್ಬನ ಕಾರು ತಡೆದ ಪೊಲೀಸ್, ಹತ್ತಿರದಿಂದಲೇ ಗುಂಡು ಹೊಡೆದು ಕೊಂದಿದ್ದ. ಉತ್ತರ ಆಫ್ರಿಕಾ ಮೂಲದ ಕುಟುಂಬದ ಹುಡುಗ. ಇಡೀ ದೇಶ ಹೊತ್ತಿ ಉರಿದಿತ್ತು. ಜುಲೈ 14ರ ಹೊತ್ತಿಗೆ ಪಟಾಕಿ ಮಾರೋದನ್ನೇ ನಿಷೇಧಿಸಿ, ದೇಶದಾದ್ಯಂತ 1,30,000 ಪೊಲೀಸರನ್ನ ನಿಯೋಜಿಸಿದ್ದರು. ನಾಂತೇರ್ ಎಲ್ಲಿದೆ ಗೊತ್ತಾ? ನಮ್ಮ ಆಫೀಸಿನ ಬೆನ್ನಿಗೆ. ಲಾ ದೆಫಾನ್ಸಿನ ದೊಡ್ಡ ಮೆಟ್ಟಿಲ ಮೇಲೆ ನಿಂತರೆ ಎದುರಿಗೆ ನೇರ ಗೆರೆಯಲ್ಲಿ ವಿಜಯದ ಕಮಾನು, ಅದರಾಚೆ ಶಾಂಜೆಲಿಜೆ. ತಿರುಗಿದರೆ ಅದೇ ಗೆರೆ ನಾಂತೇರ್ ಕಡೆಗೆ ಹೋಗುತ್ತೆ. ಶತಮಾನಗಳಿಂದ ಎಳೀತಾ ಬಂದಿರೋ ಒಂದೇ ಸರಳರೇಖೆ ಅದು. ಪರೇಡ್ ಕಮಾನಿನಿಂದ ಶುರುವಾಗಿ ಈ ಕಡೆ ಬೆನ್ನು ಮಾಡಿಕೊಂಡೇ ನಡೆಯುತ್ತೆ.

ಬೆಂಗಳೂರಿಗೆ ವಾಪಸ್ ಬಂದಮೇಲೆ ಇದನ್ನೇ ಕೆದಕುತ್ತಾ ಕೂತಾಗ ಇನ್ನೊಂದು ಪರೇಡು ಸಿಕ್ಕಿತು. ಪ್ಯಾರಿಸ್ಸಿನಲ್ಲಿ ಜುಲೈ 14ಕ್ಕೆ ಒಂದು ಕಾಲಕ್ಕೆ ಎರಡು ಮೆರವಣಿಗೆ ನಡೀತಿದ್ದವು. ಬೆಳಗ್ಗೆ ಸೈನ್ಯದ್ದು, ಮಧ್ಯಾಹ್ನ ಕಾರ್ಮಿಕ ಸಂಘಗಳದ್ದು, ಎಡಪಕ್ಷಗಳದ್ದು, ಬ್ಯಾಸ್ಟೀಲ್ ಚೌಕದಿಂದ ನಾಸಿಯೋಂ ಚೌಕದವರೆಗೆ. 1953ರಲ್ಲಿ ಆ ಮೆರವಣಿಗೆಯ ಕೊನೆಗೆ ಸಾವಿರಾರು ಆಲ್ಜೀರಿಯನ್ ಕಾರ್ಮಿಕರು ತಮ್ಮ ನಾಯಕನ ಬಿಡುಗಡೆ ಕೇಳುತ್ತಾ, ಒಳ್ಳೇ ಬಟ್ಟೆ ಹಾಕಿಕೊಂಡು, ಸಾಲಾಗಿ ನಡೆದರು. ನಾಸಿಯೋಂ ಚೌಕದಲ್ಲಿ ಪೊಲೀಸರು ಗುಂಡು ಹಾರಿಸಿದರು. ಏಳು ಜನ ಸತ್ತರು, ಆರು ಆಲ್ಜೀರಿಯನ್ನರು, ಒಬ್ಬ ಫ್ರೆಂಚ್ ಕಾರ್ಮಿಕ. ಆಮೇಲೆ ಬಹಳ ವರ್ಷ ಜನರ ಮೆರವಣಿಗೆಗೆ ಅನುಮತಿ ಸಿಗಲಿಲ್ಲ, ಸೈನ್ಯದ್ದು ಮಾತ್ರ ಉಳೀತು. ಡ್ಯಾನಿಯಲ್ ಕುಪ್ಫರ್‌ಸ್ಟೈನ್ ಅನ್ನೋರು ಇದರ ಮೇಲೆ ಒಂದು ಸಾಕ್ಷ್ಯಚಿತ್ರವನ್ನೇ ಮಾಡಿದ್ದಾರೆ.

ಹಾಗಂತ ಫ್ರೆಂಚರಿಗೆ ಬೇರೆ ಥರ ಪರೇಡ್ ಮಾಡೋಕೆ ಬರಲ್ಲ ಅಂತಲ್ಲ. 1919ರ ಜುಲೈ 14, ಮಹಾಯುದ್ಧ ಗೆದ್ದ ಪರೇಡು. ವಿಜಯದ ಕಮಾನಿನ ಕೆಳಗಿಂದ ಎಲ್ಲರಿಗಿಂತ ಮುಂದೆ ಬಂದವರು ಮಾರ್ಷಲ್‌ಗಳಲ್ಲ. ಯುದ್ಧದಲ್ಲಿ ಕೈಕಾಲು, ಕಣ್ಣು ಕಳೆದುಕೊಂಡ ಸುಮಾರು ಸಾವಿರ ಜನ. ಊರುಗೋಲು ಹಿಡಿದವರು, ಗಾಲಿ ಕುರ್ಚಿಯಲ್ಲಿ ಕೂತವರು, ಕುರುಡರು. ಹೆಜ್ಜೆಗೆ ಹೆಜ್ಜೆ ಸೇರೋ ಪ್ರಶ್ನೆಯೇ ಇಲ್ಲ. ಗೆಲುವಿನ ಖರ್ಚು ಎಷ್ಟಾಯ್ತು ಅಂತ ಮೊದಲು ತೋರಿಸಿ ಆಮೇಲೆ ಗೆಲುವು ತೋರಿಸಿದ ಆ ಪರೇಡಿಗೆ ನಾನು ಐದಕ್ಕೆ ಐದು ಕೊಡ್ತೀನಿ.

ಇನ್ನು ನಮ್ಮದು. ದಿಲ್ಲಿಯ ಪರೇಡಿಗೆ ಹೋಲಿಸಿದರೆ ಪ್ಯಾರಿಸ್ಸಿನದು ನೀಟು, ಆದರೆ ಒಣಕಲು. ನಮ್ಮದು ಉದ್ದ, ಸ್ವಲ್ಪ ಜಾತ್ರೆ. ಒಂಟೆ ಮೇಲೆ ಬ್ಯಾಂಡು, ಬೈಕ್ ಮೇಲೆ ಪಿರಮಿಡ್ಡು, ಶಾಲೆ ಮಕ್ಕಳ ಕುಣಿತ, ರಾಜ್ಯಗಳ ಸ್ತಬ್ಧಚಿತ್ರ. ಅದೇ 2023ರ ಜನವರಿಯಲ್ಲಿ ಕರ್ನಾಟಕದ ಸ್ತಬ್ಧಚಿತ್ರದಲ್ಲಿ ಸೂಲಗಿತ್ತಿ ನರಸಮ್ಮ, ತುಳಸಿ ಗೌಡ, ಸಾಲುಮರದ ತಿಮ್ಮಕ್ಕ ಇದ್ದರು. ಯೋಚನೆ ಮಾಡಿ, ಕ್ಷಿಪಣಿ ಹೋದ ರಸ್ತೆಯಲ್ಲೇ ಹೆರಿಗೆ ಮಾಡಿಸಿದವರು, ಗಿಡ ನೆಟ್ಟವರು! ಶಾಂಜೆಲಿಜೆಯಲ್ಲಿ ಇಂಥದ್ದು ಕಾಣಲ್ಲ. ಆದರೆ ಬಂದಿದ್ದು ಅವರಲ್ಲ, ಅವರ ಪ್ರತಿರೂಪಗಳು. ಯಾವ ರಾಜ್ಯದ ಯಾವ ಚಿತ್ರ ಅಂತ ತೀರ್ಮಾನ ಮಾಡೋದೂ ರಕ್ಷಣಾ ಇಲಾಖೆಯ ಸಮಿತಿ. ಹಾಗಾಗಿ ನಮ್ಮ ಟ್ಯಾಬ್ಲೋ ಸಿಕ್ತಾ, ಕೈಬಿಟ್ಟರಾ ಅನ್ನೋ ಜಗಳ ಆಗಾಗ ಏಳುತ್ತೆ. ಜನವರಿ 26 ಸಂವಿಧಾನದ ದಿನ. ಸಂವಿಧಾನ ಶುರುವಾಗೋದೇ ನಮ್ಮ ಹೆಸರಿನಿಂದ, ಆದರೆ ನಮಗೆ ಸಿಗೋದು ಕಂಬದ ಹಿಂದಿನ ಸೀಟು.

ಪ್ಯಾರಿಸ್ಸಿನ ಹುಡುಗಿ ಹೇಳಿದ ಡ್ಯಾನ್ಸಿಗೆ ರಾತ್ರಿ ಹೋದೆ. ಜುಲೈ 13, 14ರ ರಾತ್ರಿ ಅಗ್ನಿಶಾಮಕ ಠಾಣೆಗಳ ಗೇಟು ತೆಗೆದು ಒಳಗೆ ಬಾಲ್ ನಡೆಸ್ತಾರೆ. ಪ್ಯಾರಿಸ್ಸಿನ ಅಗ್ನಿಶಾಮಕ ದಳ ಸೈನ್ಯದ್ದೇ ಭಾಗ, ಬೆಳಗ್ಗೆ ಪರೇಡಿನಲ್ಲೂ ಹೆಜ್ಜೆ ಹಾಕಿದ್ದರು. ರಾತ್ರಿ ಅದೇ ದಳದವರು ಬಿಯರ್ ಸುರೀತಿದ್ದರು, ಅಜ್ಜಿಯರ ಕೈ ಹಿಡಿದು ಕುಣೀತಿದ್ದರು. ಬಾಗಿಲಲ್ಲಿ ಒಂದು ಪೀಪಾಯಿ ಇಟ್ಟಿದ್ದರು, ಕೈಲಾದಷ್ಟು ದುಡ್ಡು ಹಾಕಿ ಒಳಗೆ ಹೋಗೋದು. ಸೈನಿಕರೂ ಜನರೂ ಒಂದೇ ಅಂಗಳದಲ್ಲಿ. ಜುಲೈ 14ರ ಅಸಲಿ ಸ್ಕ್ರಿಪ್ಟಿಗೆ ಹತ್ತಿರ ಇದ್ದಿದ್ದು ಇದು, ಇದನ್ನ ಯಾವ ಟಿವಿಯೂ ಕಾಕಾಗೆ ತೋರಿಸಲಿಲ್ಲ.

ನಮ್ಮಲ್ಲೂ ಒಂದು ಸಲ ಎರಡು ಪರೇಡ್ ಆಗಿದ್ದವು. 2021ರ ಜನವರಿ 26. ಆಗ ವರ್ಕ್ ಫ್ರಂ ಹೋಮ್, ನಾನು ಊರಲ್ಲೇ ಇದ್ದೆ. ಬೆಳಗ್ಗೆ ರಾಜಪಥದಲ್ಲಿ ಸೈನ್ಯ, ಅದೇ ಹೊತ್ತಿಗೆ ದಿಲ್ಲಿ ಗಡಿಗಳಿಂದ ರೈತರ ಟ್ರ್ಯಾಕ್ಟರುಗಳು. ಕೆಲವರು ಒಪ್ಪಿದ ದಾರಿ ಬಿಟ್ಟು ಕೆಂಪುಕೋಟೆಗೆ ನುಗ್ಗಿದರು, ನೂರಾರು ಪೊಲೀಸರಿಗೆ ಗಾಯ ಆಯ್ತು, ಒಬ್ಬ ರೈತ ಸತ್ತ. ಆ ವರ್ಷದ ಕೊನೆಗೆ ಮೂರೂ ಕಾನೂನು ವಾಪಸ್ ಹೋದವು. ಅದರಲ್ಲಿ ಯಾರದ್ದು ಸರಿ ಯಾರದ್ದು ತಪ್ಪು ಅನ್ನೋದಕ್ಕೆ ನಿಮ್ಮ ನಿಮ್ಮ ಫ್ಯಾಮಿಲಿ ಗ್ರೂಪುಗಳಿವೆ, ಅಲ್ಲಿ ಆಗಲೇ ಬೇಕಾದಷ್ಟು ಜಗಳ ಆಗಿದೆ. ನನಗೆ ನೆನಪಿರೋದು ಕಾಕಾ. ಹದಿನೇಳು ವರ್ಷ ಫೌಜು, ಅದರಾಚೆ ನಾಲ್ಕೆಕರೆ ಹತ್ತಿ, ಕಡಲಿ. ಬೆಳಗ್ಗೆ ಪರೇಡ್ ನೋಡಿದ ಅದೇ ಕುರ್ಚಿಯಲ್ಲೇ ಕೂತು ಮಧ್ಯಾಹ್ನ ಟ್ರ್ಯಾಕ್ಟರ್ ನೋಡಿದರು. ಟಿವಿಯಲ್ಲಿ ಒಬ್ಬ ಸೈನಿಕ ದೊಡ್ಡವನೋ ರೈತ ದೊಡ್ಡವನೋ ಅಂತ ಕಿರುಚ್ತಿದ್ದ.

‘ನೀವ ಯಾವ ಕಡೆ, ಕಾಕಾ?’ ಅಂದೆ.

‘ಟಿವಿ ಆರಸ ಮೊದಲ,’ ಅಂದರು ಕಾಕಾ, ಚಪ್ಪಲಿ ಮೆಟ್ಟುತ್ತಾ. ‘ಮೂರ ಗಂಟೆಕ್ಕ ತ್ರೀ ಫೇಸ್ ಬರತೈತಿ. ಕಡಲಿಗೆ ನೀರ ಬಿಡಬೇಕ.’